ಲಂಚ ಮುಟ್ಟದ ಮಾವ, ಲಂಚಕೋರರ ಪುಸ್ತಕ

ನಮ್ಮ ಮಾವನವರಿಗೆ ಗೊತ್ತಿಲ್ಲದ ಲಂಚಕೋರ ಚೀನಾದಲ್ಲೇ ಇಲ್ಲ! ತೊಂದರೆ ಒಂದೇ, ಅವರೆಲ್ಲ ಸತ್ತು ನೂರು ವರ್ಷದ ಮೇಲಾಯಿತು.

ತಪ್ಪು ಪಕ್ಕದ ಮನೆಯ ಚೀನೀ ಅಜ್ಜನದು. ಮಾವನವರು ಊರಲ್ಲಿ ಮೂವತ್ತು ವರ್ಷ ತಾಲ್ಲೂಕು ಕಚೇರಿಯಲ್ಲಿದ್ದವರು, ಒಬ್ಬರಿಂದಲೂ ಒಂದು ಲೋಟ ಕಾಫಿ ಮುಟ್ಟದವರು. ಈ ಹೆಮ್ಮೆಯನ್ನು ಈ ಪರದೇಶದಲ್ಲಿ, ನಮ್ಮ ಯೂನಿಯನ್‌ವಿಲ್‌ನ ಬೀದಿಯಲ್ಲಿ ವಾಕಿಂಗ್ ಹೋದಾಗಲೆಲ್ಲ ಕೇಳಿ ಕೇಳಿ ಸುಸ್ತಾದ ಅಜ್ಜ, ಕೊನೆಗೊಂದು ದಪ್ಪ ಪುಸ್ತಕ ಕೊಟ್ಟು ಬಚಾವಾದರು. ಚೀನಾದ ಕೊನೆಯ ರಾಜವಂಶದ ಕಾಲದ ಅಧಿಕಾರಿಗಳ ಬಣ್ಣ ಬಯಲು ಮಾಡುವ ಕಾದಂಬರಿ, ಇಂಗ್ಲಿಷಿನಲ್ಲಿ.

ಅಂದಿನಿಂದ ನಮ್ಮ ಉಪ್ಪಿಟ್ಟಿನ ಜೊತೆ ದಿನಕ್ಕೊಬ್ಬ ಭ್ರಷ್ಟ. ಮಾವನವರು ಪೆನ್ಸಿಲ್ ಹಿಡಿದು ಒಬ್ಬೊಬ್ಬನಿಗೂ ಮಾರ್ಕ್ಸು ಹಾಕುತ್ತಾರೆ!

"ಹತ್ತಕ್ಕೆ ಮೂರು! ಸಾಹೇಬರ ಉಡುಗೊರೆನ ಸಾಹೇಬರ ಮನೆಗೇ ಕಳಿಸ್ತಾನಲ್ಲಮ್ಮ, ದಡ್ಡ! ಸಾಹೇಬರ ಹೆಂಡ್ತಿ ತವರಿಗೆ ಕಳಿಸ್ಬೇಕು!"

"ನಿಮಗೆ ಹೇಗೆ ಗೊತ್ತು ಮಾವ?"

"ಪಕ್ಕದ ಟೇಬಲ್ಲಲ್ಲಿ ನೋಡ್ತಿದ್ನಲ್ಲ!"

ಮಿಸಿಸಾಗದ ಕನ್ನಡ ಸಂಘದ ಯುಗಾದಿ ಊಟದಲ್ಲಂತೂ ಸಂಘದ ಅಧ್ಯಕ್ಷರ ಎಲೆಗೆ ಎರಡನೇ ಹೋಳಿಗೆ ಬಿದ್ದದ್ದೇ ತಡ, "ಸಾಮ್ರಾಜ್ಯ ಮುಳುಗೋದು ಹೀಗೇ!" ಎಂದು ಎದ್ದು ನಿಂತರು. ಮಗಳು "ತಾತ, ಇಟ್ಸ್ ಜಸ್ಟ್ ಹೋಳಿಗೆ!" ಎಂದು ಅಂಗಿ ಜಗ್ಗಿದಳು. ನನ್ನ ಗಂಡ? ಕಾರಿನಲ್ಲಿ ಹೋಗಿ ಕೂತುಬಿಟ್ಟಿದ್ದರು!

ಕಳೆದ ಶನಿವಾರ ಮಾತ್ರ ಉಪ್ಪಿಟ್ಟು ಆರಿದರೂ ಮಾವನವರ ಸದ್ದಿಲ್ಲ. ಇಣುಕಿ ನೋಡಿದೆ. ಈ ಅಧ್ಯಾಯದವನು ಲಂಚವನ್ನೇ ಮುಟ್ಟದ ಅಧಿಕಾರಿ. ಆ ಹೆಮ್ಮೆಯಲ್ಲೇ ಬಡವರನ್ನು ಗೋಳು ಹುಯ್ದುಕೊಳ್ಳುವವನು.

"ಇವನಿಗೆಷ್ಟು ಮಾರ್ಕ್ಸು ಮಾವ?" ಎಂದು ಕೆಣಕಿದೆ.

ಅವರು ಪುಸ್ತಕ ಮುಚ್ಚಿದರು.

"ಒಬ್ಬಳು ಮುದುಕಿ ನಮ್ಮ ಕಚೇರಿಗೆ ಬರ್ತಿದ್ಲಮ್ಮ. ಮಗ ಸತ್ತಿದ್ದ, ಜಮೀನಿನ ಖಾತೆ ಅವಳ ಹೆಸರಿಗಾಗ್ಬೇಕಿತ್ತು. ಒಂದು ಕಾಗದ ಕಮ್ಮಿ ಇದೆ ಅಂತ ವರ್ಷಗಟ್ಲೆ ಓಡಾಡ್ಸಿದೆ. ಆ ಕಾಗದ ನಾನೇ ತರಿಸ್ಬಹುದಿತ್ತು. ಕೈ ಶುದ್ಧ ಇದೆಯಲ್ಲ, ನನ್ನ ಯಾರು ಕೇಳ್ತಾರೆ ಅನ್ನೋ ಜಂಬ. ಆಮೇಲೆ ಬರೋದು ನಿಲ್ಲಿಸಿದ್ಲು."

ನಾನು ಸೌಟು ಕೆಳಗಿಟ್ಟೆ.

"ಹೆಸರು ನೆನಪಿದೆ. ಫೈಲ್ ನಂಬರೂ ನೆನಪಿದೆ. ಮುಖ ಎಷ್ಟು ಹುಡುಕಿದ್ರೂ ಬರ್ತಿಲ್ಲ. ಒಂದು ದಿನಾನೂ ನಾನು ತಲೆ ಎತ್ತಿ ನೋಡೇ ಇಲ್ಲಮ್ಮ."

ಇಷ್ಟು ದಿನ ಗೇಲಿ ಮಾಡಿದ ನಾನು ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಮಾವನವರು ನನಗೆ ಅಷ್ಟು ಹತ್ತಿರದವರು ಅನ್ನಿಸಿದ್ದು ಅವತ್ತೇ.