ಹದಿನೈದು ಕಡ್ಡಿಯ ವೈರು

ಪೂಜೆ ಮಾಡಿದ್ದೇ ತಪ್ಪಾಯಿತು ಎನ್ನಲು ಶಾಂತಕುಮಾರಿಗೆ ಬಾಯಿ ಬರಲಿಲ್ಲ. ಆದರೆ ಆಗಿದ್ದು ಅದೇ.

ಗೋಣಿಬೀಡಿನ ಹೈಸ್ಕೂಲಿನ ಆಫೀಸಿನಲ್ಲಿ ಅವಳು ಹನ್ನೊಂದು ವರ್ಷದಿಂದ ಟೈಪಿಸ್ಟು. ಆಯುಧಪೂಜೆಗೆ ಪ್ರತಿವರ್ಷ ಟೈಪ್‌ರೈಟರನ್ನು ಒರೆಸಿ, ಎಣ್ಣೆ ಬಿಟ್ಟು, ಕುಂಕುಮ ಇಡುವುದು ಅವಳದೇ ಕೆಲಸ. ಈ ಸಲ ಪಕ್ಕದ ಮೇಜಿನ ಮೇಲೆ ಎರಡು ತಿಂಗಳ ಹಿಂದಷ್ಟೇ ಬಂದ ಕಂಪ್ಯೂಟರೂ ಇತ್ತು. ಅದೊಂದನ್ನು ಪೂಜೆಯಿಲ್ಲದೆ ಬಿಡುವುದು ಹೇಗೆ? ಧೂಳು ಒರೆಸಲು ಅಡ್ಡ ಬಂತೆಂದು ಹಿಂದಿನ ವೈರುಗಳನ್ನೆಲ್ಲ ಕಿತ್ತಳು. ಒಂದೊಂದು ವೈರಿನ ಮೂತಿಗೂ ಒಂದೊಂದು ಬೊಟ್ಟಿಟ್ಟಳು. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿ ಕಳೆಯುವ ತನಕ ಮುಟ್ಟಬಾರದಲ್ಲ, ಹಾಗೇ ಬಾಗಿಲು ಹಾಕಿಕೊಂಡು ಮನೆಗೆ ಹೋದಳು.

ಮೂರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಬೀಗ ತೆಗೆದರೆ, ಬಾಡಿದ ಸೇವಂತಿಗೆಯ ನಡುವೆ ವೈರುಗಳು ಬುಟ್ಟಿಯಿಂದ ತಪ್ಪಿಸಿಕೊಂಡ ಕೇರೆಹಾವುಗಳ ಹಾಗೆ ಬಿದ್ದಿದ್ದವು. ಯಾವುದು ಎಲ್ಲಿತ್ತು? ಒಂದೂ ನೆನಪಿಲ್ಲ.

ಅಷ್ಟರಲ್ಲಿ ಹೆಡ್‌ಮಾಸ್ಟರ್ ರಂಗನಾಥ ಬಾಗಿಲಲ್ಲಿ ಇಣುಕಿದರು. "ಶಾಂತಕುಮಾರಿಯವ್ರೇ, ಅಧ್ಯಕ್ಷರು ಹನ್ನೆರಡಕ್ಕೆ ಬರ್ತಾರಂತೆ. ಕಂಪ್ಯೂಟರ್ ನೋಡ್ಬೇಕಂತೆ. ರಜ ಆದ್ರೂ ಸ್ಟಾಫ್ ಎಲ್ಲ ಇರ್ಬೇಕು ಅಂದಿದಾರೆ." ಮೇಜಿನ ಮೇಲಿನ ದೃಶ್ಯ ಕಂಡದ್ದೇ ಅವರ ಮುಖ ಬಿಳುಚಿತು. "ನಾನೇನೂ ನೋಡ್ಲಿಲ್ಲ ಆಯ್ತಾ?" ಎಂದವರೇ ತಮ್ಮ ಕೋಣೆ ಸೇರಿ ಚಿಲಕ ಹಾಕಿಕೊಂಡರು.

ಶಾಲೆ ನಡೆಸುವ ಸಂಘದ ಅಧ್ಯಕ್ಷ ಸೋಮಶೇಖರಪ್ಪ ದೊಡ್ಡ ಪ್ಲಾಂಟರು. ಹಿಂದಿನ ಮೀಟಿಂಗಿನಲ್ಲಿ ಅವರು "ಕಂಪ್ಯೂಟರ್ ಬಂದ್ಮೇಲೆ ಟೈಪಿಸ್ಟ್ ಯಾಕ್ರೀ?" ಎಂದಿದ್ದರು. ಆ ಮಾತು ಅಂದಿನಿಂದ ರಕ್ತ ಹೀರುವ ಇಂಬಳದ ಹಾಗೆ ಶಾಂತಕುಮಾರಿಯನ್ನು ಕಚ್ಚಿಕೊಂಡಿತ್ತು. ಗಂಡ ಶಶಿಧರ್ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರು, ಅವನ ಸಂಬಳದಲ್ಲಿ ಮನೆ ನಡೆಯುತ್ತಿತ್ತು. ಆದರೆ ಈ ಕುರ್ಚಿ, ಈ ಮೇಜು, ಈ ಖಾನೆಯ ಕೀಲಿ, ಊರಿನಲ್ಲಿ ಅವಳದೇ ಎಂದು ಇದ್ದದ್ದು ಇಷ್ಟೇ. ಮನೆಯಲ್ಲಿ ಅವಳು ಬೀಗ ಹಾಕಬಹುದಾದ ಒಂದು ಡಬ್ಬಿಯೂ ಇರಲಿಲ್ಲ. ಕುರ್ಚಿ ಹೋದರೆ ಬೆಳಿಗ್ಗೆ ತಲೆ ಬಾಚಿಕೊಂಡು ಎಲ್ಲಿಗೆ ಹೊರಡುವುದು?

ಕಂಪ್ಯೂಟರ್ ಮಾರಿದ ಚಿಕ್ಕಮಗಳೂರಿನ ಅಂಗಡಿಗೆ ಆರು ಸಲ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಅವರ ಪೂಜೆ ಇನ್ನೂ ಮುಗಿದಿರಲಿಲ್ಲವೇನೋ.

"ಅಮ್ಮಾ, ಬರಿಗಾಲಲ್ಲಿ ಮುಟ್ಬೇಡಿ," ಎಂದ ಜವಾನ ಭೂತಯ್ಯ, ಎರಡು ಮಾರು ದೂರದಿಂದ. "ಕೊಟ್ಟಿಗೆಹಾರದಲ್ಲಿ ಒಬ್ರ ಟೀವಿ ಢಂ ಅಂತು. ಹೆಂಚು ಹಾರಿ ಹೋಯ್ತು."

ಪೂಜೆಯಾದ ಯಂತ್ರದ ಮುಂದೆ ಚಪ್ಪಲಿ ಮೆಟ್ಟುವುದೆ? ಕೊನೆಗೆ ಅವಳು ಮಣೆಯೊಂದನ್ನು ಹಾಕಿಕೊಂಡು, ಆರತಿ ಎತ್ತುವವಳ ಹಾಗೆ ಅದರ ಮೇಲೆ ನಿಂತಳು.

ಹತ್ತು ಗಂಟೆಗೆ ಸೈನ್ಸ್ ಮೇಷ್ಟ್ರು ಮಲ್ಲಿಕಾರ್ಜುನ ಬಂದರು. "ಇದಕ್ಕೆಲ್ಲ ಹೆದರ್ತಾರಾ ಮಾರಾಯ್ರೇ? ಇಲ್ಲಿರೋದು ಎರಡೇ ಜಾತಿ. ಸೀರಿಯಲ್ ಅಂದ್ರೆ ಕಾಡಿನ ಕಾಲುದಾರಿ ಇದ್ದಂಗೆ, ಒಬ್ರ ಹಿಂದೆ ಒಬ್ರು ಹೋಗ್ಬೇಕು. ಪ್ಯಾರಲಲ್ ಅಂದ್ರೆ ಕಾಫಿ ಹಣ್ಣು ಕೊಯ್ಯೋ ಆಳುಗಳು, ಎಂಟು ಜನ ಸಾಲಾಗಿ ಒಟ್ಟಿಗೆ ಹೊರಟಂಗೆ."

"ಇದರಲ್ಲಿ ಯಾವ್ದು ಸೀರಿಯಲ್ ಸಾರ್?"

"ಅದು... ನಾನು ಥಿಯರಿ ಹೇಳಿದ್ದು."

ಥಿಯರಿ ಮುಗಿದ ಮೇಲೆ ಮೇಷ್ಟ್ರು ಮಾನಿಟರಿನ ವೈರನ್ನು ಹಿಡಿದು, ಅದರ ಮೂತಿಯಷ್ಟೇ ಅಗಲವಿದ್ದ ಒಂದು ಕಿಂಡಿ ಹುಡುಕಿ, ಹೋರಿಗೆ ಮೂಗುದಾರ ಹಾಕುವವರ ಹಾಗೆ ಒತ್ತಿದರು. ಒಳಗೆಲ್ಲೋ 'ಕಟ್' ಎಂದಿತು. ಶಾಂತಕುಮಾರಿಯ ಎದೆಯೂ ಕಟ್ ಎಂದಿತು. "ಟೈಟ್ ಇದೆ," ಎಂದು ಮೇಷ್ಟ್ರು ವೈರನ್ನು ಮೆಲ್ಲಗೆ ಕೆಳಗಿಟ್ಟು ಕಿಟಕಿಯಾಚೆ ನೋಡತೊಡಗಿದರು.

ಹೊಲಿಗೆ ಟೀಚರ್ ಯಶೋದಾ ಒಳಗೆ ಬಂದದ್ದು ಆಗಲೇ. ಕನ್ನಡಕ ಏರಿಸಿಕೊಂಡು ಕಿಂಡಿಯೊಳಗಿನ ಸಣ್ಣ ತಂತಿಕಡ್ಡಿಗಳನ್ನೂ ವೈರಿನ ಮೂತಿಯನ್ನೂ ನೋಡಿ ನಕ್ಕುಬಿಟ್ಟಳು. "ಮೇಷ್ಟ್ರೇ, ಇಲ್ಲೂ ಕಡ್ಡಿ, ಅಲ್ಲೂ ಕಡ್ಡಿ. ಎರಡು ಪಟ್ಟಿಗೂ ಹುಕ್ಕೇ ಹೊಲಿದ್ರೆ ಬ್ಲೌಸ್ ಹಾಕ್ಕಳ್ಳೋದು ಹೆಂಗೆ? ಒಂದು ಕಡೆ ಹುಕ್ಕಿದ್ರೆ ಇನ್ನೊಂದು ಕಡೆ ಕಾಜ ಬೇಕಲ್ಲ!"

ಶಾಂತಕುಮಾರಿಯ ತಲೆಯೊಳಗೆ ಯಾರೋ ಕಿಟಕಿ ತೆರೆದ ಹಾಗಾಯಿತು. ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ಮಾಡುವ ಕೆಲಸವೇ ಇದು! ಮಣೆಯಿಂದಿಳಿದು, ನೆಲಕ್ಕೆ ಕೂತು, ಎಣಿಸಿದಳು. ಪ್ರಿಂಟರಿನ ವೈರಿಗೆ ಇಪ್ಪತ್ತೈದು ಕಡ್ಡಿ, ಇಪ್ಪತ್ತೈದು ತೂತಿನ ಉದ್ದನೆಯ ಕಿಂಡಿಯೂ ಒಂದೇ. ಕೂತಿತು. ಮೌಸಿನ ವೈರಿಗೆ ಒಂಬತ್ತು ತೂತು, ಮೇಷ್ಟ್ರು ಯುದ್ಧ ಮಾಡಿದ ಕಿಂಡಿಯಲ್ಲಿ ಒಂಬತ್ತು ಕಡ್ಡಿ. ಕೂತಿತು. ಮಾನಿಟರಿನದು ಮೂರು ಸಾಲಿನಲ್ಲಿ ಹದಿನೈದು, ಅದಕ್ಕೂ ಮೂರು ಸಾಲಿನ ಕಿಂಡಿ ಸಿಕ್ಕಿತು. ಎಲ್ಲದರ ಒಂದು ಅಂಚು ಉದ್ದ, ಒಂದು ಗಿಡ್ಡ. ತಲೆಕೆಳಗು ಹಾಕಲು ಬರುವುದೇ ಇಲ್ಲ. ಮಾಡಿದವನು ಯಾರೋ ಹೆಂಗಸರ ಕಷ್ಟ ಬಲ್ಲವನು ಎನ್ನಿಸಿತು. ಕೀಬೋರ್ಡಿನದು ಗುಂಡಗಿತ್ತು, ಅದಕ್ಕೆ ಯೋಚನೆಯೇ ಬೇಕಾಗಲಿಲ್ಲ.

ಸ್ವಿಚ್ ಒತ್ತಿದಾಗ ಎಲ್ಲರೂ ಬಾಗಿಲ ಹತ್ತಿರ ಸರಿದರು. ಪರದೆ ಬೆಳಗಿತು. ಆದರೆ ಬಿಳಿ ಇರಬೇಕಾದ ಜಾಗವೆಲ್ಲ ಗುಲಾಬಿ ಗುಲಾಬಿ.

"ಅಯ್ಯಮ್ಮಾ!" ಭೂತಯ್ಯ ಕಿರುಚಿದ. "ನೀವಿಟ್ಟ ಕುಂಕುಮ ಒಳಗೆ ಇಳ್ದದೆ!"

ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಶಾಂತಕುಮಾರಿಗೆ ನಿಜಕ್ಕೂ ಅಳು ಬಂತು. ದೇವಿ ಸಿಟ್ಟಾದಳೆ? ಅಥವಾ ಅಧ್ಯಕ್ಷರು ಹೇಳಿದ್ದೇ ಸರಿಯೆ, ಇದೆಲ್ಲ ತನ್ನಂಥವಳ ಕೈಗೆ ಬರುವುದಲ್ಲವೆ? ಆದರೂ ಕಡೆಯದಾಗಿ ಎಂದು ಎಲ್ಲ ಆರಿಸಿ, ಹದಿನೈದು ಕಡ್ಡಿಯ ವೈರನ್ನು ಬಿಚ್ಚಿ ಬೆಳಕಿಗೆ ಹಿಡಿದಳು. ಒಂದು ಕಡ್ಡಿ ಮದುಮಗಳ ಹಾಗೆ ತಲೆ ತಗ್ಗಿಸಿತ್ತು. ಮೇಷ್ಟ್ರು ಕಿಟಕಿಯಾಚೆ ಇನ್ನಷ್ಟು ಗಮನವಿಟ್ಟು ನೋಡಿದರು.

ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ಉಸಿರು ಬಿಗಿಹಿಡಿದು, ಮಗುವಿನ ಕಿವಿಯಿಂದ ಕಸ ತೆಗೆಯುವಷ್ಟು ಹಗುರವಾಗಿ ಆ ಕಡ್ಡಿಯನ್ನು ಎತ್ತಿ ನಿಲ್ಲಿಸಿದಳು. ಮತ್ತೆ ಸಿಕ್ಕಿಸಿ ಸ್ವಿಚ್ ಒತ್ತಿದಳು. ಪರದೆ ಹಾಲಿನಂತೆ ಬೆಳ್ಳಗಾಯಿತು.

ಅದೇ ಹೊತ್ತಿಗೆ ಹೊರಗೆ ಜೀಪು ನಿಂತ ಸದ್ದು. ಹೆಡ್‌ಮಾಸ್ಟರರ ಚಿಲಕವೂ ತೆರೆಯಿತು.

ಸೋಮಶೇಖರಪ್ಪ ಪರದೆ ನೋಡಿದರು, ಮೌಸು ಆಡಿಸಿ ನೋಡಿದರು. ಶಾಂತಕುಮಾರಿ ಟೈಪ್ ಮಾಡಿ, ಪ್ರಿಂಟರ್ ಕರಕರ ಎಂದು ಅವರ ಹೆಸರನ್ನೇ ಕಕ್ಕಿದಾಗ ಮುಖ ಅರಳಿತು. "ಭೇಷ್! ಹಿಂದೆ ಇಷ್ಟು ವೈರಿದಾವೆ. ಇದನ್ನ ಬಿಚ್ಚಿ ಜೋಡಿಸೋದು ಇಲ್ಲಿ ಯಾರಿಗಾದ್ರೂ ಬರ್ತದಾ?"

"ಅದು ಸಾರ್, ಫಿಸಿಕ್ಸ್ ಪ್ರಕಾರ..." ಎಂದು ಮಲ್ಲಿಕಾರ್ಜುನ ಮೇಷ್ಟ್ರು ಮುಂದೆ ಬಂದರು.

ಶಾಂತಕುಮಾರಿ ಜೀವಮಾನದಲ್ಲಿ ಯಾವ ಗಂಡಸಿನ ಮಾತಿಗೂ ಅಡ್ಡ ಬಾಯಿ ಹಾಕಿದವಳಲ್ಲ. ಆದರೆ ಕುರ್ಚಿಯ ಪ್ರಶ್ನೆ. "ನಂಗೆ ಬರ್ತದೆ ಸಾರ್. ಇವತ್ತು ಜೋಡಿಸಿದ್ದೂ ನಾನೇ. ಬೇರೆ ಯಾರಿಗೂ ಬರೋದಿಲ್ಲ."

"ಒಳ್ಳೇದಾಯ್ತು," ಎಂದರು ಅಧ್ಯಕ್ಷರು. "ಈ ಮಿಷನ್ನು ನಮ್ಮ ಸಂಘದ್ದೇ ಕಳಸದ ಶಾಲೆಗೆ ಹೋಗ್ಬೇಕು ಅಂತ ಕಮಿಟಿಲಿ ತೀರ್ಮಾನ ಆಗದೆ. ಜೋಡಿಸೋದು ಗೊತ್ತಿರೋರು ಒಬ್ರು ಜೊತೆಗೆ ಹೋಗಿ ಅಲ್ಲೇ ಇರ್ಬೇಕು. ನಾನು ಮೇಷ್ಟ್ರನ್ನೇ ಕಳ್ಸೋದು, ನಿಮ್ಗೆ ಹಳೇ ಟೈಪ್‌ರೈಟರ್ ಇಲ್ಲೇ ಇರ್ಲಿ ಅಂದ್ಕಂಡಿದ್ದೆ. ಈಗ ಆ ಯೋಚನೆಯೇ ಇಲ್ಲ. ಹಾಸ್ಟೆಲಲ್ಲಿ ಒಂದು ರೂಮ್ ಕೊಡಿಸ್ತೀನಿ."

"ಸಾರ್, ಮೇಷ್ಟ್ರಿಗೂ..." ಎಂದಳು ಶಾಂತಕುಮಾರಿ.

"ನಂಗೇನೂ ಬರೋದಿಲ್ಲ ಸಾರ್!" ಮಲ್ಲಿಕಾರ್ಜುನ ಮೇಷ್ಟ್ರು ಎದೆಯುಬ್ಬಿಸಿ ಹೇಳಿದರು. "ಆ ಕಡ್ಡಿ ಬಗ್ಗಿಸಿದ್ದೇ ನಾನು. ಬೇಕಾದ್ರೆ ಯಶೋದಾ ಟೀಚರನ್ನ ಕೇಳಿ."

"ಮತ್ತೆ ಇನ್ನೇನು? ಬಿಚ್ಚಿ, ಬಿಚ್ಚಿ. ಜೀಪು ಇದೆ. ಬಟ್ಟೆಬರೆ ದಾರಿಯಲ್ಲಿ ಮನೆ ಹತ್ರ ನಿಲ್ಲಿಸಿ ತಗಂಡ್ರಾಯ್ತು."

ಒಂದು ಗಂಟೆಗೆ ಜೀಪು ಹೊರಟಿತು. ಹಿಂದಿನ ಸೀಟಿನಲ್ಲಿ ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು, ವೈರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೂತಿದ್ದ ಶಾಂತಕುಮಾರಿಯನ್ನು ಡ್ರೈವರ್ ಕನ್ನಡಿಯಲ್ಲೇ ನೋಡಿ ಹೇಳಿದ:

"ಗಟ್ಟಿ ಹಿಡ್ಕಳಿ ಅಮ್ಮಾ. ಮುಂದೆ ಬರೀ ತಿರುವೇ."