ಎಲ್ಲರ ಕಾಲಿಗೂ ಪಟ್ಟಿ

ಮೆಟ್ಟಿಲಿನ ದೀಪ ಕೆಟ್ಟಿತ್ತು, ಅಷ್ಟೇ. ಕೆಳಮನೆಯ ಟೀಚರಮ್ಮ ಬೆಳಿಗ್ಗೆಯೇ ಹೊಸ ಬಲ್ಬು ಹಿಡಿದು ಮಹಡಿ ಹತ್ತಿ ಬಂದರು. ಆ ಕಟ್ಟಡದಲ್ಲಿ ಯಾರ ಮನೆಯಲ್ಲೂ ಏಣಿ ಇರಲಿಲ್ಲ. ಮೇಲಿನ ಮನೆಗೆ ಬ್ಯಾಸ್ಕೆಟ್‌ಬಾಲ್ ಆಟಗಾರ ಬಾಡಿಗೆಗೆ ಬಂದ ಮೇಲೆ ಕೊಳ್ಳುವ ಅಗತ್ಯವೂ ಬಿದ್ದಿರಲಿಲ್ಲ. ಬೆನ್ನ ಹಿಂದೆ ಅವನನ್ನು ಏಣಿ ಎನ್ನುತ್ತಿದ್ದರು; ಎದುರಿಗೆ ಸಿಕ್ಕಾಗ ಗೌರವ ಸೇರಿಸಿ ಏಣಿಯಪ್ಪ ಎನ್ನುತ್ತಿದ್ದರು.

ಇವತ್ತು ಆಗುವುದಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆಗುವುದಿಲ್ಲ ಎನ್ನುವ ಮಾತು ಅವನ ಗಂಟಲವರೆಗೆ ಬಂದು ಸಂಕೋಚಪಟ್ಟು ವಾಪಸ್ ಹೋಗುತ್ತಿತ್ತು. ಸಂಜೆ ಅವನ ಕ್ಲಬ್ಬಿನ ಆಟ ನೋಡಲು ದೇಶದ ತಂಡದ ಕೋಚ್ ಬರುವವರಿದ್ದರು. ಮುಂದಿನ ಪ್ರವಾಸಕ್ಕೆ ಆಟಗಾರರನ್ನು ಆರಿಸುವುದು ಅವರ ಉದ್ದೇಶ. ಏಣಿಯಪ್ಪನ ವಯಸ್ಸಿಗೆ ಇದೇ ಕೊನೆಯ ಪ್ರವಾಸ.

ಕ್ಲಬ್ಬಿನಲ್ಲಿ ಅವನಿಗೆ ಹೆಸರಿತ್ತು. ಆಟ ಕೈತಪ್ಪುವ ಹೊತ್ತಿಗೆ ಎಲ್ಲರೂ ಚೆಂಡನ್ನು ಅವನ ಕಡೆಗೇ ಎಸೆಯುತ್ತಿದ್ದರು. ಆದರೆ ದೇಶದ ಅಂಗಿ ತೊಟ್ಟಾಗೆಲ್ಲ ಅವನು ಬೆಂಚಿನ ಮೇಲಿರುತ್ತಿದ್ದ. ಎಷ್ಟೋ ದೇಶ ಸುತ್ತಿದ್ದ. ಯಾವ ದೇಶದ ಬೆಂಚು ಮೆತ್ತಗೆ, ಯಾವುದು ಸೊಂಟ ಮುರಿಯುತ್ತದೆ ಎಂದು ಕಣ್ಣುಮುಚ್ಚಿ ಹೇಳಬಲ್ಲವನಾಗಿದ್ದ. ಒಂದೇ ಒಂದು ಸಲ ದೇಶದ ಪರವಾಗಿ ಮೊದಲ ಸೀಟಿಯಿಂದ ಕೊನೆಯ ಸೀಟಿಯವರೆಗೆ ಆಡಬೇಕು ಎಂಬ ಆಸೆಯನ್ನು ಹೆಂಡತಿಯ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ.

ಮೆಟ್ಟಿಲಿನ ಅಂಚಿನಲ್ಲಿ ತುದಿಗಾಲಲ್ಲಿ ನಿಂತು ಬಲ್ಬು ತಿರುಗಿಸಿದ. ದೀಪ ಹತ್ತಿತು. ಟೀಚರಮ್ಮ ಸಂತೋಷದಿಂದ ಅವನ ಬೆನ್ನು ತಟ್ಟಿದರು. ತಟ್ಟಿದ ರಭಸಕ್ಕೆ ಅವನು ಒಂದು ಮೆಟ್ಟಿಲು ಜಾರಿದ. ಎಡಗಾಲು ಒಳಕ್ಕೆ ಮಡಚಿಕೊಂಡಿತು.

ಕಾಲು ಊದಿಕೊಳ್ಳುವ ಮೊದಲೇ ಸುದ್ದಿ ಕಟ್ಟಡವೆಲ್ಲ ಹಬ್ಬಿತ್ತು. ಟೀಚರಮ್ಮ ಐಸು ತಂದರು. ಎದುರುಮನೆಯ ಟೈಲರು ಉಪ್ಪಿನ ಬಿಸಿ ಗಂಟು ತಂದ. ಉಳುಕಿಗೆ ತಣ್ಣಗಿನದೇ ಆಗಬೇಕೆಂದು ಅವರು, ಬಿಸಿಯೇ ಆಗಬೇಕೆಂದು ಇವನು. ಇಬ್ಬರೂ ಒಪ್ಪಂದಕ್ಕೆ ಬಂದು ಸರದಿಯ ಮೇಲೆ ಒತ್ತಿದರು. ಕಾಲು ಯಾರ ಮಾತು ಕೇಳಬೇಕೆಂದು ತಿಳಿಯದೆ ಇನ್ನಷ್ಟು ಊದಿಕೊಂಡಿತು.

"ಇವತ್ತು ಆಡ್ಬೇಡಿ. ಕಾಲು ಹೀಗಾಗಿದೆ ಅಂತ ಹೇಳ್ಬಿಡಿ," ಎಂದಳು ಹೆಂಡತಿ.

"ಹೇಳ್ತೀನಿ ಕಣೆ. ಆಟ ಮುಗಿದ್ಮೇಲೆ ಹೇಳ್ತೀನಿ."

ಸಂಜೆ ಕ್ಲಬ್ಬಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಮೊದಲು ಕಾಲು ನೋಡಿದವನು ತಂಡದ ಮಾಲೀಸಿನವನು. ಬಿಗಿಯಾಗಿ ಪಟ್ಟಿ ಸುತ್ತದೆ ಈ ಕಾಲ ಮೇಲೆ ನಿಲ್ಲಲಾಗದು ಎಂದ. ಪಟ್ಟಿ ಸುತ್ತಿದರೆ ಬಂದವರಿಗೆ ತಿಳಿಯದೆ ಇರದು. ದೇಶದ ಕೋಚ್ ಆಟಗಾರರ ಮುಖಕ್ಕಿಂತ ಮೊದಲು ಕಾಲು ನೋಡುವವರು ಎಂದು ಎಲ್ಲರಿಗೂ ಗೊತ್ತಿತ್ತು. ಅಷ್ಟರಲ್ಲಿ ಕ್ಯಾಪ್ಟನ್ ಬಂದ. ತುಂಬ ಒಳ್ಳೆಯ ಮನಸ್ಸಿನವನು. ಅವನಿಂದ ಆಗುತ್ತಿದ್ದ ತೊಂದರೆಗಳೆಲ್ಲ ಅದರಿಂದಲೇ ಆಗುತ್ತಿದ್ದವು.

"ಎಲ್ಲಾರೂ ಎಡಗಾಲಿಗೆ ಪಟ್ಟಿ ಕಟ್ಕೊಳ್ಳೋಣ," ಎಂದ ಅವನು. "ಎಲ್ಲಾರೂ ಟೋಪಿ ಹಾಕ್ಕೊಂಡ್ರೆ ಬೋಳುತಲೆ ಯಾವ್ದು ಅಂತ ಯಾರಿಗ್ ಗೊತ್ತಾಗತ್ತೆ?"

"ಇದು ಮೋಸ ಅಲ್ವೇನೋ?" ಎಂದ ಏಣಿಯಪ್ಪ.

"ಮೋಸ ಅಲ್ಲಣ್ಣ, ಯೂನಿಫಾರಂ."

ಹುಡುಗರು ಖುಷಿಯಿಂದ ಕಾಲು ಚಾಚಿದರು. ನಿಜವಾಗಿ ನೋವಿರುವ ಕಾಲಿಗೆ ನಿಧಾನವಾಗಿ, ಮನಸ್ಸಿಟ್ಟು ಕಟ್ಟಬೇಕೆಂದು ಮಾಲೀಸಿನವನು ಏಣಿಯಪ್ಪನನ್ನು ಕೊನೆಗೆ ಉಳಿಸಿಕೊಂಡ. ಗಟ್ಟಿಮುಟ್ಟಾದ ಕಾಲುಗಳಿಗೆಲ್ಲ ಸುತ್ತಿ ಸುತ್ತಿ ಇವನ ಬಳಿ ಬರುವಾಗ ಅವನ ಕೈಯಲ್ಲಿ ಉಳಿದದ್ದು ಸುರುಳಿಯ ನಡುವಿನ ರಟ್ಟಿನ ಬಳೆ ಮಾತ್ರ. ಹೊರಗೆ ಸೀಟಿ ಕೇಳಿಸಿತು.

ಹೀಗಾಗಿ ತಂಡವೆಲ್ಲ ಪಟ್ಟಿ ಬಿಗಿದುಕೊಂಡು ಅಂಗಳಕ್ಕಿಳಿಯಿತು, ಕಾಲು ಉಳುಕಿದವನೊಬ್ಬನನ್ನು ಬಿಟ್ಟು. ಏಣಿಯಪ್ಪ ಓಡಲಾರದೆ ಬುಟ್ಟಿಯ ಕೆಳಗೆ ನಿಂತುಬಿಟ್ಟ. ಬಂದ ಚೆಂಡನ್ನು ಹಿಡಿಯುವುದು, ಎತ್ತಿ ಹಾಕುವುದು, ಇಲ್ಲವೇ ಪಕ್ಕದವನಿಗೆ ಕೊಡುವುದು. ನೋವಿಗೆ ಹಲ್ಲು ಕಚ್ಚಿದ್ದನ್ನು ಜನ ನಗು ಎಂದುಕೊಂಡರು. ಎಷ್ಟು ನಿರಾಳವಾಗಿ ಆಡುತ್ತಾನೆ ನೋಡು ಎಂದು ಮೆಚ್ಚಿಕೊಂಡರು. ಕ್ಲಬ್ ಗೆದ್ದಿತು.

ಆಟ ಮುಗಿದ ಕೂಡಲೇ ದೇಶದ ಕೋಚ್ ಕೋಣೆಯೊಳಗೆ ಬಂದರು. ಸಾಲಾಗಿದ್ದ ಕಾಲುಗಳನ್ನೆಲ್ಲ ನೋಡಿದರು. ಇಬ್ಬರು ಹುಡುಗರನ್ನು ತೋರಿಸಿ, ಇವರನ್ನು ಕರೆದೊಯ್ಯಬೇಕೆಂದು ಬಂದಿದ್ದೆ, ಇಲ್ಲಿ ನೋಡಿದರೆ ಇಡೀ ಕ್ಲಬ್ಬೇ ಕುಂಟುತ್ತಿದೆ, ಅಂಗಳದ ನೆಲವನ್ನು ಅಗೆಸಿ ಹೊಸದು ಹಾಕಿಸಿ ಎಂದರು. ಆಮೇಲೆ ಏಣಿಯಪ್ಪನ ಕಡೆ ತಿರುಗಿದರು.

"ಇಲ್ಲಿಂದ ನೀವೊಬ್ರೇ ಬನ್ನಿ ನಾಳೆ. ಕ್ಯಾಂಪಿಗೆ."

ಕ್ಯಾಪ್ಟನ್ ತೆರೆದ ಬಾಯಿ ಮುಚ್ಚಲಿಲ್ಲ. ಆ ಇಬ್ಬರು ಹುಡುಗರು ತಮ್ಮ ಕಾಲಿನ ಪಟ್ಟಿಯನ್ನು ಹಾವು ಸುತ್ತಿಕೊಂಡಿದೆಯೇನೋ ಎಂಬಂತೆ ನೋಡಿದರು.

ಈ ಸಲ ಆಟ ನೋಡಿ ಕರೆದಿದ್ದಾರೆ, ಆಡಿಸುವುದಕ್ಕೇ ಎಂದುಕೊಂಡ ಏಣಿಯಪ್ಪ; ಇಷ್ಟು ವರ್ಷ ಕಾದದ್ದು ಈ ಮಾತಿಗಾಗಿಯೇ. ಸುಮ್ಮನಿದ್ದರೆ ಸಾಕಿತ್ತು, ಸುಮ್ಮನಿರುವುದು ಅವನಿಗೆ ಅಭ್ಯಾಸವಾದ ಕೆಲಸ. ಆದರೆ ಬೇರೆಯವರ ತಟ್ಟೆಗೆ ಕೈಹಾಕಿ ಉಂಡ ಹಾಗಾಗುತ್ತದಲ್ಲ ಎನ್ನಿಸಿತು. ಇನ್ನೊಮ್ಮೆ ಯೋಚಿಸಿದರೆ ಧೈರ್ಯ ಹೋದೀತೆಂದು ಹೆದರಿ, ಬಗ್ಗಿ ಕಾಲುಚೀಲ ಕೆಳಗೆಳೆದ.

"ಸರ್, ಕೆಟ್ಟಿರೋದು ನನ್ನ ಕಾಲು. ಈ ಹುಡುಗ್ರಿಗೆ ಏನೂ ಆಗಿಲ್ಲ. ನನ್ನನ್ನ ಕಾಪಾಡೋಕೆ ಕಟ್ಕೊಂಡ್ರು."

ಬಲ್ಬಿನಿಂದ ಹಿಡಿದು ಎಲ್ಲವನ್ನೂ ಹೇಳಿದ. ಕೋಚ್ ಹುಡುಗರ ಪಟ್ಟಿ ಬಿಚ್ಚಿಸಿ, ಅಲ್ಲೇ ಹಾರಿಸಿ ನೋಡಿದರು. ಇಬ್ಬರೂ ಮೇಲ್ಛಾವಣಿ ಮುಟ್ಟುವಂತೆ ಹಾರಿದರು. ಸರಿ, ನೀವೂ ಬನ್ನಿ ಎಂದರು. ಏಣಿಯಪ್ಪನಿಗೆ ಎದೆಯ ಭಾರ ಇಳಿದಂತಾಯಿತು. ಅದರ ಜೊತೆಗೇ ಇನ್ನೇನೋ ಇಳಿದುಹೋಯಿತು. ಗೋಡೆ ಹಿಡಿದುಕೊಂಡು ಎದ್ದು ಬಾಗಿಲ ಕಡೆ ಹೊರಟ.

"ನೀವೆಲ್ಲಿಗೆ ಹೊರಟ್ರಿ? ನಾಳೆ ಬರ್ಬೇಕು ಅಂದ್ನಲ್ಲ."

"ಈ ಕಾಲಲ್ಲಾ, ಸರ್?"

ಕೋಚ್‌ಗೆ ಅವನ ಪ್ರಶ್ನೆಯೇ ಅರ್ಥವಾದಂತಿರಲಿಲ್ಲ. ಅವನ ಹೆಗಲ ಮೇಲೆ ಕೈಯಿಡಲು ತುದಿಗಾಲಲ್ಲಿ ನಿಂತು, ಪ್ರೀತಿಯಿಂದಲೇ ಹೇಳಿದರು:

"ನಿಮ್ಮನ್ನ ಕರ್ಕೊಂಡು ಹೋಗೋದು ನಾನು ಹೋದ ವಾರನೇ ತೀರ್ಮಾನ ಮಾಡಿದ್ದೆ. ಹುಡುಗ್ರ ಪಕ್ಕದಲ್ಲಿ ಒಬ್ಬ ಹಿರಿಯ ಇರ್ಬೇಕಲ್ಲ. ಬೆಂಚಲ್ಲಿ ಕೂರೋಕೆ ಕಾಲು ಯಾಕ್ರೀ ಬೇಕು?"

ಅವರು ಹೋದ ಮೇಲೆ ಕ್ಯಾಪ್ಟನ್ ಓಡಿಬಂದು ಅವನ ಎರಡೂ ಕೈ ಹಿಡಿದುಕೊಂಡು, ಅಂತೂ ಆಯ್ಕೆಯಾದೆಯಲ್ಲಣ್ಣ ಎಂದು ಕಣ್ಣಲ್ಲಿ ನೀರು ತಂದುಕೊಂಡ. ಏಣಿಯಪ್ಪ ಹೌದಪ್ಪ ಎಂದು ಮೆಲ್ಲಗೆ ಕುಳಿತ. ಕುಳಿತದ್ದೇ ತಡ, ಬೆಳಗಿನಿಂದ ಕಾಡುತ್ತಿದ್ದ ಕಾಲಿಗೆ ಹಾಯೆನಿಸಿತು. ಅವತ್ತಿನ ಎಲ್ಲ ನೋವಿಗಿಂತ ಆ ಸುಖವೇ ಅವನನ್ನು ಹೆಚ್ಚು ನೋಯಿಸಿತು.