ವಿಮಾನ ಹತ್ತದ ಟಿಕೆಟ್ ಏಜೆಂಟು

ಇಂಥವೆಲ್ಲ ನನಗೇ ಯಾಕೆ ಆಗುತ್ತವೆ ಎಂದು ಮೊದಮೊದಲು ದೇವರನ್ನು ಕೇಳುತ್ತಿದ್ದೆ. ಈಗ ಕೇಳುವುದಿಲ್ಲ. ಉತ್ತರ ನನಗೇ ಗೊತ್ತು: ನನ್ನ ಬಾಯಿ. ಯಾವುದು ಗೊತ್ತಿಲ್ಲವೋ ಅದನ್ನೇ ಚೆನ್ನಾಗಿ ಗೊತ್ತು ಅಂತೀನಿ. ಮಾರನೇ ದಿನ ಅದೇ ಕೆಲಸ ಬಂದು ಅಂಗಡಿ ಬಾಗಿಲಲ್ಲಿ ನಿಂತಿರುತ್ತದೆ.

ಹುಣಸೂರು ಬಸ್ ಸ್ಟ್ಯಾಂಡ್ ಪಕ್ಕದ ಗಲ್ಲಿಯಲ್ಲಿ ನನ್ನ ಅಂಗಡಿ. ಮೊದಲು ಜೆರಾಕ್ಸ್ ಇತ್ತು, ಆಮೇಲೆ ಬಸ್ ಟಿಕೆಟ್ ಬಂತು, ಆಮೇಲೆ ರೈಲು. ಬೋರ್ಡಿನ ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ ಉಳಿದಿತ್ತು. ಸುಮ್ಮನೆ ಯಾಕೆ ಬಿಡೋದು ಎಂದು 'ದೇಶ ವಿದೇಶ ವಿಮಾನ ಟಿಕೆಟ್' ಎಂದು ಬರೆಸಿದೆ. ಜನ ಬರತೊಡಗಿದರು. ನಾನು ಟಿಕೆಟ್ಟಿನ ಜೊತೆ ಬುದ್ಧಿವಾದವನ್ನೂ ಕೊಡತೊಡಗಿದೆ. "ರೆಕ್ಕೆ ಮೇಲಿನ ಕಿಟಕಿ ಬೇಡ ಸಾರ್, ಹೋದ ಸಲ ನಾನು ಹೋದಾಗ ಏನೂ ಕಾಣಲೇ ಇಲ್ಲ." "ಏರುವಾಗ ಕಿವಿ ಕಟ್ಟುತ್ತೆ, ನನಗಂತೂ ಅಭ್ಯಾಸ ಆಗೋಗಿದೆ."

ನಿಜ ಹೇಳಬೇಕೆಂದರೆ ನಾನು ವಿಮಾನ ಹತ್ತಿರಲಿಲ್ಲ. ಹತ್ತುವುದಿರಲಿ, ನೆಲದ ಮೇಲೆ ನಿಂತ ವಿಮಾನವನ್ನೂ ಹತ್ತಿರದಿಂದ ನೋಡಿರಲಿಲ್ಲ. ಎಲ್ಲವೂ ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತ ವಿದ್ಯೆ. ಈ ಗುಟ್ಟು ಗೊತ್ತಿದ್ದದ್ದು ನನ್ನ ಹೆಂಡತಿಗೆ ಮಾತ್ರ. ಜಾತ್ರೆಯಲ್ಲಿ ತೊಟ್ಟಿಲು ಹತ್ತಿದರೂ ನನಗೆ ವಾಂತಿ ಬರುತ್ತದೆ ಎನ್ನುವುದೂ ಅವಳಿಗೆ ಗೊತ್ತು.

ಹೀಗಿರುವಾಗ ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರದ ಗೌಡರೊಬ್ಬರು ಬಂದರು. ಆ ವರ್ಷ ಹೊಗೆಸೊಪ್ಪಿಗೆ ಒಳ್ಳೇ ರೇಟು ಸಿಕ್ಕಿತ್ತು. "ನಮ್ಮನೆಯವ್ಳಿಗೆ ಫಾರಿನ್ನು ತೋರಿಸ್ಬೇಕು ಕಣಪ್ಪ. ಥಾಯ್ಲೆಂಡ್ ಅಂತೆ, ಅದಕ್ಕೆ ಹಾಕು. ನಾನು, ಅವ್ಳು, ಅವ್ಳ ಅಕ್ಕ. ಕೆ.ಆರ್. ನಗರದ ಮಿಲ್ ಸಾಹುಕಾರ್ರೂ ಬತ್ತಾರೆ. ನೀನು ಎಲ್ಲಾ ಓಡಾಡಿದೋನು, ನೀನೇ ಮುಂದೆ ನಿಂತು ಕರ್ಕೊಂಡೋಗ್ಬೇಕು" ಅಂದರು.

ಆಗಲಾದರೂ ನಿಜ ಹೇಳಬಹುದಿತ್ತು. ಆದರೆ ಗೌಡರ ಬಾಯಿಗೆ ಬಿದ್ದ ಸುದ್ದಿ ಒಂದೇ ವಾರದಲ್ಲಿ ನಾಲ್ಕು ತಾಲ್ಲೂಕು ಸುತ್ತುತ್ತದೆ. ಆಮೇಲೆ ನನ್ನ ಅಂಗಡಿಗೆ ಜೆರಾಕ್ಸ್ ಮಾಡಿಸಲೂ ಯಾರೂ ಬರುವುದಿಲ್ಲ. "ಅದಕ್ಕೇನು ಗೌಡ್ರೇ, ಹೋಗಿ ಬರೋಣ" ಅಂದುಬಿಟ್ಟೆ.

ರಾಹುವಿನ ಟೈಮ್‌ಟೇಬಲ್

ಗೌಡರದು ಒಂದೇ ಷರತ್ತು. "ಏರೋದೂ ರಾಹುಕಾಲದಲ್ಲಿ ಬ್ಯಾಡ, ಇಳಿಯೋದೂ ಬ್ಯಾಡ."

ಇದೇನು ಮಹಾ ಎಂದು ಗೋಡೆಯ ಕ್ಯಾಲೆಂಡರ್ ನೋಡಿದೆ. ಹೊರಡುವುದು ಬುಧವಾರ, ರಾಹುಕಾಲ ಹನ್ನೆರಡರಿಂದ ಒಂದೂವರೆ. ಆಮೇಲೆ ಹೊಳೆಯಿತು, ಬ್ಯಾಂಕಾಕ್ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಅಂದರೆ ಅಲ್ಲಿನ ರಾಹುಕಾಲ ನಮ್ಮ ಹತ್ತೂವರೆಗೇ ಶುರು. ಈಗ ಯಾರ ರಾಹುಕಾಲ ಹಿಡಿಯೋದು? ಗಾವಡಗೆರೆಯ ಜೋಯಿಸರಿಗೆ ಫೋನ್ ಹಚ್ಚಿದೆ.

"ನೆಲ ಬಿಡೋವಾಗ ಬಿಟ್ಟ ನೆಲದ್ದು, ನೆಲ ಮುಟ್ಟೋವಾಗ ಮುಟ್ಟಿದ ನೆಲದ್ದು" ಅಂದರು ಜೋಯಿಸರು.

"ಮಧ್ಯೆ ಆಕಾಶದಲ್ಲಿರ್ತೀವಲ್ಲ, ಆಗ?"

ಅದಕ್ಕವರು, "ರಾಹುವೂ ಅಲ್ಲೇ ಇರ್ತಾನಲ್ಲಪ್ಪ, ಹುಷಾರಾಗಿ ಹೋಗಿಬನ್ನಿ" ಅಂದರು.

ಎರಡು ದಿನ ಕೂತು ಪಟ್ಟಿ ಹಾಕಿದೆ. ಬೆಂಗಳೂರು ಬಿಡುವುದು ಬೆಳಿಗ್ಗೆ ಒಂಬತ್ತು ಐವತ್ತಕ್ಕೆ, ಬ್ಯಾಂಕಾಕ್ ಮುಟ್ಟುವುದು ಅಲ್ಲಿಯ ಮೂರು ಗಂಟೆಗೆ. ಎರಡೂ ದೇಶದ ರಾಹು ಪೂರ್ತಿ ತಪ್ಪಿಸಿದ್ದೆ. ಅಲ್ಲಿಂದ ಸಮುದ್ರ ನೋಡಲು ಫುಕೆಟ್‌ಗೆ ಇನ್ನೊಂದು ವಿಮಾನ ಹಿಡಿಯಬೇಕು. ಏಳೂವರೆಗೆ ಒಂದಿತ್ತು, ಆದರೆ ದೀಪ ಹಚ್ಚುವ ಹೊತ್ತಿಗೆ ರೂಮಿನಲ್ಲಿರಬೇಕು ಅಂದರು ಗೌಡತಿಯಮ್ಮ. ನಾಲ್ಕು ನಲವತ್ತರದು ಸಿಕ್ಕಿತು. ಮಧ್ಯೆ ಒಂದು ಗಂಟೆ ನಲವತ್ತು ನಿಮಿಷ. ಕೆ.ಆರ್. ನಗರದ ಬಸ್ ಸ್ಟ್ಯಾಂಡಿನಲ್ಲಿ ನಾವು ಐದು ನಿಮಿಷಕ್ಕೆ ಬಸ್ ಬದಲಾಯಿಸುವವರು, ಇಷ್ಟು ಸಾಲದೇ?

"ಪಂಚಾಂಗಕ್ಕೂ ವಿಮಾನಕ್ಕೂ ಮದ್ವೆ ಮಾಡ್ಸಿಬುಟ್ಟೆ ಕಣ್ಲಾ!" ಎಂದು ಗೌಡರು ಬೆನ್ನು ತಟ್ಟಿದರು. ಆ ಮದುವೆ ಬ್ಯಾಂಕಾಕಿನಲ್ಲಿ ಇಳಿದ ಕೂಡಲೇ ಮುರಿದು ಬೀಳುತ್ತದೆ ಎಂದು ಜೋಯಿಸರೂ ಹೇಳಲಿಲ್ಲ.

ಗೌಡರ ಬೇಲ್

ಲಗೇಜಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. "ತಲೆಗೆ ಇಪ್ಪತ್ತು ಕೆ.ಜಿ. ಒಂದು ಗ್ರಾಂ ಜಾಸ್ತಿಯಾದರೂ ತಕರಾರು ಮಾಡ್ತಾರೆ. ಪಾಸ್‌ಪೋರ್ಟು ಜೀವ ಇದ್ದ ಹಾಗೆ, ಭದ್ರವಾಗಿಡಿ. ಯಾರು ಕೇಳಿದ್ರೂ ಆಚೆ ತೆಗೀಬೇಡಿ" ಎಂದು ನಾಲ್ಕು ಸಲ ಹೇಳಿದ್ದೆ.

ಬೆಂಗಳೂರಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ಗೌಡರ ಲಗೇಜು ಕಾರಿನಿಂದ ಇಳಿಯಿತು. ಸೂಟ್‌ಕೇಸುಗಳೇನೋ ಇದ್ದವು. ಆದರೆ ಅವುಗಳ ಮೇಲೆ ಗೋಣಿತಾಟು ಸುತ್ತಿ, ದಬ್ಬಣದಲ್ಲಿ ನಾಲ್ಕೂ ಕಡೆ ಹುರಿ ಹಾಕಿ ಹೊಲಿದಿದ್ದರು. ಮೇಲೆ ದಪ್ಪ ಅಕ್ಷರದಲ್ಲಿ ಹೆಸರು, ಊರು, ತೂಕ. ಮೂವತ್ತು ವರ್ಷ ಹರಾಜಿಗೆ ಹೊಗೆಸೊಪ್ಪಿನ ಬೇಲ್ ಕಟ್ಟಿದ ಕೈ ಅದು. ಸೊಪ್ಪು ಹದ ಮಾಡುವ ಬ್ಯಾರನ್ನಿನ ಪಕ್ಕದ ಕೋಣೆಯಲ್ಲೇ ಕಟ್ಟಿದ್ದರಿಂದ ವಾಸನೆಯೂ ಜೊತೆಗೆ ಬಂದಿತ್ತು.

"ಸರಿಯಾಗಿ ಇಪ್ಪತ್ತು. ನೂಕಿದ್ರೂ ಒದ್ದ್ರೂ ಬಿಚ್ಚಲ್ಲ" ಅಂದರು ಗೌಡರು.

"ಭೇಷ್. ಈಗ ಎಲ್ಲರೂ ಪಾಸ್‌ಪೋರ್ಟು ಕೈಯಲ್ಲಿ ಹಿಡ್ಕಳಿ."

ಯಾರೂ ಅಲುಗಾಡಲಿಲ್ಲ. ಗೌಡತಿಯಮ್ಮ ಮೆಲ್ಲಗೆ ಬೇಲ್ ಕಡೆ ನೋಡಿದರು. "ಜೀವ ಇದ್ದಂಗೆ ಅಂದಲ್ಲಪ್ಪ ನೀನು. ತಳದಲ್ಲಿ, ರೇಷ್ಮೆ ಸೀರೆ ಮಡಿಕೆ ಒಳಗೆ ಇಟ್ಟಿವ್ನಿ."

ಕತ್ತರಿ ಇಲ್ಲ, ಚಾಕು ಇಲ್ಲ. ವಿಮಾನ ನಿಲ್ದಾಣಕ್ಕೆ ಅವನ್ನೆಲ್ಲ ತರಬಾರದು ಎಂದು ಹೇಳಿದ್ದವನೂ ನಾನೇ. ಗೌಡರಿಗೆ ಬಿಚ್ಚಲು ಹೇಳಿದರೆ, "ಕಟ್ಟೋನು ರೈತ, ಬಿಚ್ಚಿ ನೋಡೋನು ಏಜೆಂಟು, ನಮ್ಮ ಕಡೆ ಇದೇ ಪದ್ಧತಿ" ಎಂದು ಕೈಕಟ್ಟಿ ನಿಂತರು. ಕೊನೆಗೆ ನಾನು ನೆಲದ ಮೇಲೆ ಮಂಡಿಯೂರಿ ಹುರಿಯನ್ನು ಹಲ್ಲಿನಲ್ಲಿ ಕಚ್ಚಿ ಕಚ್ಚಿ ಬಿಚ್ಚಿದೆ. ಟ್ರಾಲಿ ತಳ್ಳಿಕೊಂಡು ಹೋಗುತ್ತಿದ್ದ ಒಬ್ಬ ಪುಣ್ಯಾತ್ಮ ನಿಂತು, ನನ್ನ ಕೈಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು ಹೋದ.

ನಾಲ್ಕನೆಯ ಆಸಾಮಿ

ಗೌಡತಿಯಮ್ಮನ ಅಕ್ಕ ಕೋಟೆ ತಾಲ್ಲೂಕಿನ ಅಂತರಸಂತೆಯವರು. ಕಾಡಂಚಿನ ಊರು, ಆನೆಗೂ ಹೆದರದ ಹೆಂಗಸು. ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ಸೆಕ್ಯೂರಿಟಿಯಲ್ಲಿ ಅವರ ಕೈಚೀಲ ಮಿಷನ್ ಒಳಗೆ ಹೋಗಿ ಅಲ್ಲೇ ನಿಂತಿತು. ಬಿಚ್ಚಿದರೆ ಎಲೆಅಡಿಕೆ ಚೀಲದ ಪಕ್ಕ ಮುಷ್ಟಿ ಗಾತ್ರದ ಒಂದು ಕಲ್ಲು, ಅದಕ್ಕೆ ಅರಿಶಿನ ಕುಂಕುಮ.

ನನಗೆ ತಕ್ಷಣ ಅರ್ಥವಾಯಿತು. ಒಂದೇ ಕುಟುಂಬದ ಮೂರು ಜನ ಹೊರಟರೆ ಕೆಲಸ ಕೆಡುತ್ತದೆ ಎಂದು ನಮ್ಮ ಕಡೆ ನಾಲ್ಕನೆಯದಾಗಿ ಒಂದು ಕಲ್ಲು ಇಟ್ಟುಕೊಳ್ಳುತ್ತಾರೆ. ಆದರೆ ಅಲ್ಲಿದ್ದ ಅಧಿಕಾರಿ ಉತ್ತರದ ಕಡೆಯವನು, ಅವನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? "ನಿಂಗೆ ಇಂದಿ ಬತ್ತದಲ್ಲ, ಏಳು" ಅಂದರು ಗೌಡರು. ಹಿಂದಿ ಬರುತ್ತದೆ ಎಂದೂ ನಾನು ಯಾವಾಗಲೋ ಹೇಳಿದ್ದೆ ಕಾಣುತ್ತದೆ.

ಎದೆ ಸೆಟೆಸಿ ಹೇಳಿದೆ: "ಸಾಬ್, ಯೇ ಪತ್ಥರ್ ನಹೀ ಹೈ. ಯೇ ಚೌಥಾ ಆದ್ಮೀ ಹೈ."

ಅವನು ಕಲ್ಲನ್ನು ನೋಡಿದ. ನನ್ನನ್ನು ನೋಡಿದ. ಮುಖದಲ್ಲಿ ಒಂಚೂರೂ ನಗು ಇಲ್ಲದೆ ಕೇಳಿದ: "ಇಸ್ಕಾ ಬೋರ್ಡಿಂಗ್ ಪಾಸ್ ಕಿಧರ್?"

ಕಲ್ಲು ಬೆಂಗಳೂರಿನಲ್ಲೇ ಉಳಿಯಿತು. ಗೌಡತಿಯಮ್ಮನ ಮುಖ ಸಪ್ಪಗಾಯಿತು. ದೊಡ್ಡಕ್ಕ ಮಾತ್ರ ನನ್ನನ್ನು ಮೇಲಿಂದ ಕೆಳಗೆ ಅಳೆದು ನೋಡಿ, "ಬುಡು ತಂಗಿ. ಕಲ್ಲಿನ ಬದ್ಲು ಇವನನ್ನೇ ಲೆಕ್ಕಕ್ಕೆ ಇಟ್ಕಳನ" ಅಂದರು.

ನನ್ನ ನಿದ್ದೆ

ವಿಮಾನ ಹತ್ತಿದ್ದೇ ತಡ, "ದಿನಾ ಓಡಾಡೋರಿಗೆ ಇದೆಲ್ಲ ಮಾಮೂಲು, ನಾನು ಮಲಗ್ತೀನಿ" ಎಂದು ಕಣ್ಣು ಮುಚ್ಚಿದೆ. ಬ್ಯಾಂಕಾಕ್ ಬರುವ ತನಕ ತೆಗೆಯಲಿಲ್ಲ. ನಿದ್ದೆ ಎಲ್ಲಿಂದ ಬರಬೇಕು, ತೆಗೆದರೆ ಎಲ್ಲಿ ಕೆಳಗೆ ನೋಡಿಬಿಡುತ್ತೇನೋ ಎಂಬ ದಿಗಿಲು. ಊಟದ ಗಾಡಿ ಬಂತು. ಪಲಾವಿನ ವಾಸನೆ ಮೂಗಿಗೆ ಬಡಿಯಿತು. ಹೊಟ್ಟೆ ಕೂಗಿತು, ಕಣ್ಣು ಒಪ್ಪಲಿಲ್ಲ.

"ಎಬ್ಬಿಸ್ಲಾ?" ಅಂದರು ಸಾಹುಕಾರರು.

"ಬ್ಯಾಡ ಬುಡಿ, ಪಾಪ. ದಿನಾ ತಿಂದು ತಿಂದು ಬೇಜಾರಾಗಿರ್ತದೆ" ಎಂದು ಗೌಡರು ನನ್ನ ತಟ್ಟೆಯನ್ನೂ ತಮ್ಮ ಕಡೆ ಎಳೆದುಕೊಂಡರು.

ಒಂದೂರಿಗೆ ಎರಡು ನಿಲ್ದಾಣ

ಮೂರಕ್ಕೆ ಇಳಿದೆವು. ಆ ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ ಎಂದು ಕೇಳಿ ಗೌಡತಿಯಮ್ಮ ನೆಲ ಮುಟ್ಟಿ ನಮಸ್ಕಾರ ಮಾಡಿದರು. ಪಾಸ್‌ಪೋರ್ಟಿಗೆ ಸೀಲು ಹಾಕಿಸಿಕೊಳ್ಳುವ ಸಾಲು ಮುಗಿದಾಗ ಮೂರು ಐವತ್ತು. ಇನ್ನೂ ಐವತ್ತು ನಿಮಿಷ ಇದೆಯಲ್ಲ ಎಂದು ಧೈರ್ಯವಾಗಿ ಕೌಂಟರಿನ ಹುಡುಗಿಗೆ ಫುಕೆಟ್ ಟಿಕೆಟ್ ತೋರಿಸಿದೆ. ಅವಳು ಕೈಮುಗಿದಳು. ಗೌಡರೂ ಕೈಮುಗಿದರು. ಆಮೇಲೆ ಅವಳು ಟಿಕೆಟ್ಟಿನ ಮೇಲೆ ಬೆರಳಿಟ್ಟು ನಿಧಾನವಾಗಿ ಹೇಳಿದಳು. ನಮ್ಮ ವಿಮಾನ ಹೊರಡುವುದು ಇಲ್ಲಿಂದಲ್ಲ, ಊರಿನ ಆ ತುದಿಯಲ್ಲಿರುವ ಇನ್ನೊಂದು ವಿಮಾನ ನಿಲ್ದಾಣದಿಂದ. ಕಾರಿನಲ್ಲಿ ಒಂದು ಗಂಟೆಯ ಹಾದಿ.

ಟಿಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಉಳಿದವರಿಗೆ ವಿಷಯ ಹೇಳಿದೆ.

"ಅಲ್ಲಯ್ಯಾ, ಮೈಸೂರಲ್ಲೇ ಸಬರ್ಬನ್ ಬಸ್ ಸ್ಟ್ಯಾಂಡು ಬೇರೆ, ಸಿಟಿ ಬಸ್ ಸ್ಟ್ಯಾಂಡು ಬೇರೆ. ಅಷ್ಟು ವರ್ಷ ಬಸ್ ಟಿಕೆಟ್ ಮಾರಿದ್ದೀಯ, ಅದೂ ಹೊಳೀಲಿಲ್ವೇ?" ಅಂದರು ಸಾಹುಕಾರರು. ರಾಹುವನ್ನು ನೋಡುವ ಭರದಲ್ಲಿ ನಾನು ನಿಲ್ದಾಣದ ಹೆಸರನ್ನೇ ನೋಡಿರಲಿಲ್ಲ.

ಗೌಡರಿಗೆ ಇದು ದೊಡ್ಡ ವಿಷಯ ಅನ್ನಿಸಲಿಲ್ಲ. "ಅದ್ಯಾಕೆ ಹಂಗ್ ಬೆವರ್ತಿದ್ದೀಯ? ಫೋನ್ ಮಾಡಿ ವಿಮಾನವ ಒಂದ್ ಗಳಿಗೆ ಹಿಡ್ಕಳಕೆ ಏಳು. ನಮ್ಮೂರ ಕಡೇ ಬಸ್ಸು ನಾನು ಬರೋಗಂಟ ಹೊರಡಾಕಿಲ್ಲ."

ಹಾಗೆಲ್ಲ ಆಗುವುದಿಲ್ಲ ಎಂದು ನನಗೂ ಗೊತ್ತು. ಆದರೂ ಮುಳುಗುತ್ತಿರುವವನಿಗೆ ಬುದ್ಧಿ ಎಲ್ಲಿರುತ್ತದೆ? ಆ ಹುಡುಗಿಯ ಹತ್ತಿರ ವಾಪಸ್ ಹೋಗಿ, "ಮೇಡಂ, ಪೈಲಟ್ ಮೊಬೈಲ್ ನಂಬರ್ ಪ್ಲೀಸ್" ಅಂದೆ. ಅವಳು ಮತ್ತೊಮ್ಮೆ ಕೈಮುಗಿದು, ಹತ್ತಿರದ ಲಾಡ್ಜೊಂದರ ಚೀಟಿ ಕೊಟ್ಟಳು.

ಹೋಲ್ಡಾನ್

ಮರುದಿನ ಮಧ್ಯಾಹ್ನ ರಾಹುಕಾಲ ಕಳೆದ ಮೇಲೆ ಹೊರಡುವ ವಿಮಾನದಲ್ಲಿ ಜಾಗ ಸಿಕ್ಕಿತು. ಹಿಂದಿನ ದಿನದ ಅವಮಾನಕ್ಕೆ ನನಗೆ ಗೌಡರ ಮುಖ ನೋಡಲಾಗುತ್ತಿರಲಿಲ್ಲ. ಆದರೂ ಮುಖ್ಯ ಗುಟ್ಟು ಇನ್ನೂ ನನ್ನಲ್ಲೇ ಇದೆ, ಅದೊಂದು ಉಳಿದರೆ ಸಾಕು ಅಂದುಕೊಂಡೆ. ದೊಡ್ಡಕ್ಕನ ಪಕ್ಕ ಕೂತು ಮತ್ತೆ ನಿದ್ದೆಯ ನಾಟಕ ಶುರು ಮಾಡಿದೆ.

ಅರ್ಧ ದಾರಿಯಲ್ಲಿ ಮೋಡ. ವಿಮಾನ ಒಮ್ಮೆ ನಡುಗಿತು. ಇನ್ನೊಮ್ಮೆ ನಡುಗಿತು. ಆಮೇಲೆ ಕೆಳಗಿನ ನೆಲವನ್ನೇ ಯಾರೋ ಎಳೆದುಕೊಂಡ ಹಾಗೆ ದಡಕ್ಕನೆ ಇಳಿಯಿತು. ಮುಂದಿನದು ನನ್ನ ಕೈಯಲ್ಲಿರಲಿಲ್ಲ. ನಮ್ಮ ಬಸ್ಸಿನ ಕಂಡಕ್ಟರುಗಳು ಕೂಗುವ ಹಾಗೆ ಗಂಟಲು ಹರಿಯುವಂತೆ ಕೂಗಿದೆ: "ಹೋಲ್ಡಾನ್! ಹೋಲ್ಡಾನ್! ಇಲ್ಲೇ ನಿಲ್ಸಿ! ನಾನು ಇಲ್ಲೇ ಇಳ್ಕೋತೀನಿ!"

ಕೆಳಗೆ ಸಮುದ್ರ.

ವಿಮಾನ ಸರಿಹೋಯಿತು. ಕಣ್ಣು ಬಿಟ್ಟರೆ ಇಡೀ ವಿಮಾನ ನನ್ನನ್ನೇ ನೋಡುತ್ತಿದೆ. ದೊಡ್ಡಕ್ಕನ ಕೈಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದೆ, ಅವರ ಒಂದು ಬಳೆ ಒಡೆದಿತ್ತು. ನಾಚಿಕೆಯಿಂದ ಸತ್ತುಹೋಗಬಾರದೇ ಅನ್ನಿಸಿತು. ಇನ್ನು ಮುಚ್ಚಿಟ್ಟು ಪ್ರಯೋಜನ ಇರಲಿಲ್ಲ.

"ಗೌಡ್ರೇ, ತಪ್ಪಾಯ್ತು. ನಾನು ಯಾವತ್ತೂ ವಿಮಾನ ಹತ್ತಿದೋನೇ ಅಲ್ಲ. ಇದು ಎರಡನೇದು. ಮೊದಲನೇದು ನಿನ್ನೆಯದು."

ಗೌಡರು ತಣ್ಣಗೆ ಅಂದರು: "ಗೊತ್ತು ಕಣಪ್ಪ."

"ಗೊತ್ತಾ?"

"ನಿನ್ ಹೆಂಡ್ತಿ ಮೊದ್ಲೇ ನಮ್ಮನೆಯವ್ಳಿಗೆ ಫೋನ್ ಮಾಡಿದ್ಲು. ವಾಂತಿ ಮಾಡ್ಕತಾನೆ, ಒಂದೆರಡು ನಿಂಬೆಹಣ್ಣು ಇಟ್ಕಂಡಿರಿ ಅಂದ್ಲು."

ಸಾಹುಕಾರರಿಗೂ ಗೊತ್ತಿತ್ತಂತೆ. ನನಗೆ ಅಳುವೇ ಬಂತು. "ಮತ್ತೆ ಗೊತ್ತಿದ್ದೂ ನನ್ನನ್ಯಾಕೆ ಮುಂದೆ ಮಾಡಿ ಕರ್ಕೊಂಡು ಬಂದ್ರಿ?"

ದೊಡ್ಡಕ್ಕ ಕೈ ಬಿಡಿಸಿಕೊಳ್ಳದೆಯೇ ಹೇಳಿದರು. "ನಮಗೂ ಪುಕಪುಕ ಅಂತಿತ್ತು ಕಣಪ್ಪ. ತಿಳಿದೋನ ಜೊತೆ ಬಂದಿದ್ರೆ ನಮ್ಮ ಭಯ ನೋಡಿ ನಗೋನು. ನೀನಾದ್ರೆ ನಮಗಿಂತ ಜಾಸ್ತಿ ಎದ್ರಕೊಂಡಿರ್ತೀಯ. ನಿನ್ನೆ ನೀನು ಕಣ್ಮುಚ್ಕೊಂಡು ನಡುಗ್ತಿದ್ದುದ್ದ ನೋಡ್ತಾ ನೋಡ್ತಾ ನಮಗೆಲ್ಲಾ ಧೈರ್ಯ ಬಂದ್ಬುಡ್ತು."

ಫುಕೆಟ್ ನೋಡಿದೆವು, ಸಮುದ್ರದಲ್ಲಿ ಕಾಲು ನೆನೆಸಿದೆವು, ಕ್ಷೇಮವಾಗಿ ಊರಿಗೆ ಬಂದೆವು. ಗೌಡರು ಯಾರ ಹತ್ತಿರವೂ ನನ್ನ ಮಾನ ಕಳೆಯಲಿಲ್ಲ. ಮೊನ್ನೆ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತರು. "ಬರೋ ವರ್ಷ ವಿಯೆಟ್ನಾಂ. ನೀನಿಲ್ದೆ ನಾವು ಒಂದೆಜ್ಜೆ ಎತ್ತಿಡಾಕಿಲ್ಲ."

ನನಗೆ ಎದೆ ಉಬ್ಬಿತು. "ಆಗಲಿ ಗೌಡ್ರೇ. ಅಷ್ಟರಲ್ಲಿ ನಾನು ಬೆಂಗಳೂರು, ಹೈದರಾಬಾದು ಅಂತ ನಾಲ್ಕು ಸಲ ವಿಮಾನದಲ್ಲಿ ಓಡಾಡಿ ಅಭ್ಯಾಸ ಮಾಡ್ಕೋತೀನಿ."

ಗೌಡರು ಗಾಬರಿಯಾಗಿ ಎದ್ದು ನಿಂತರು. "ಲೇ ಲೇ, ಅಂಗೆಲ್ಲ ಮಾಡ್ಬುಟ್ಟೀಯ! ನಿನ್ ಭಯ ಹೋಗ್ಬುಟ್ರೆ ನಾವೇನ್ಲಾ ಮಾಡೋದು?"